ನಾಕಾ ದಾಟಿದ ಹೆಂಗಸರು

ವಾಸು, ತೀರಿಹೋದ ತನ್ನ ಅಣ್ಣ ವಿಷ್ಣುಮೂರ್ತಿಯ ಎರಡೂ ಕಾಲ ಹೆಬ್ಬೆರಳು ಸೇರಿಸಿ ನೂಲು ಸುತ್ತುತ್ತಿದ್ದಾಗ ಕೆಳಗೆ ಸೈಕಲ್ ಗಂಟೆಗಳು ಕೇಳಿಸಿದವು. ಒಂದಲ್ಲ, ಎರಡಲ್ಲ. ಮುಕ್ತಾ ಗಂಡನ ತಲೆಯ ಬಳಿಯಿಂದ ಎದ್ದು ಗ್ಯಾಲರಿಗೆ ಬಂದಳು. ಐರೋಲಿಯ ಆ ಸಣ್ಣ ವಸತಿ ಸೊಸೈಟಿಯ ಗೇಟಿನಾಚೆ ಮೂವತ್ತು ನಲವತ್ತು ಹೆಂಗಸರು ಸೈಕಲ್ ಹಿಡಿದು ನಿಂತಿದ್ದರು. ಸೀರೆಗೆ ಕಚ್ಚೆ ಹಾಕಿದವರಿದ್ದರು, ನರ್ಸಿನ ಸಮವಸ್ತ್ರದವಳೂ ಇದ್ದಳು.

ಅವರಲ್ಲೊಬ್ಬಳು ಮೇಲೆ ಬಂದಳು. ಪಕ್ಕದ ಗಲ್ಲಿಯಲ್ಲಿ ಮೂರು ಮನೆಗಳ ಅಡುಗೆ ಮಾಡುವ ಸುಂದರಿ.

"ಇವರೆಲ್ಲ ಯಾರು?"

"ಸರ್ ಹತ್ರ ಸೈಕಲ್ ಕಲಿತವರು ಅಕ್ಕ. ದಿನಾ ಬೆಳಿಗ್ಗೆ ಐದೂವರೆಗೆ, ಖಾಡಿ ದಂಡೆಯ ಖಾಲಿ ಪ್ಲಾಟಲ್ಲಿ. ನಾಲ್ಕು ವರ್ಷ ಆಯ್ತು. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಹೋಟೆಲಿಗೆ ಹಾಲು ಬರುವ ಹೊತ್ತು ಎಂದು ಹೊರಡುತ್ತಿದ್ದ. ಮದುವೆಮನೆಯಲ್ಲಿ ಇನ್ನೊಂದು ಹೋಳಿಗೆ ಕೇಳಲೂ ನಾಚುತ್ತಿದ್ದ ವಿಷ್ಣುಮೂರ್ತಿ ಇಷ್ಟು ಹೆಂಗಸರಿಗೆ ಗುರುವೇ! ಮೂವತ್ತೊಂದು ವರ್ಷ ಜೊತೆಗಿದ್ದವನನ್ನು ಮುಕ್ತಾ ಮೊದಲ ಸಲ ನೋಡುವವಳಂತೆ ತಿರುಗಿ ನೋಡಿದಳು.

*

ಕಲಿಯಲು ಅವನು ಮೊದಲು ಕರೆದದ್ದು ಅವಳನ್ನೇ. 2008ರ ಚೌತಿ ಕಳೆದ ಮೇಲೆ.

"ನಲವತ್ತೆಂಟರ ಹೆಂಗಸಿಗೆ ಸೈಕಲ್! ಮರ್ಲಾ ನಿಮಗೆ?" ಎಂದು ಅವಳು ಹೊಟ್ಟೆ ಹಿಡಿದು ನಕ್ಕಿದ್ದಳು.

"ಬೀಳ್ಲಿಕ್ಕೆ ಬಿಡುದಿಲ್ಲ ಮಾರಾಯ್ತಿ. ಹಿಂದಿಂದ ಹಿಡ್ಕೊಳ್ತೇನೆ."

ಅವಳು ಹತ್ತಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಅಂದಿನ ನಗುವಿಗೆ ಈಗ ಅವಳಿಗೆ ನಾಚಿಕೆಯಾಯಿತು.

*

"ನಾವೂ ಸರ್ ಹಿಂದೆ ಸೈಕಲಲ್ಲಿ ಬರ್ತೇವೆ," ಎಂದಳು ಸುಂದರಿ.

"ಹೆಂಗಸರು ಸ್ಮಶಾನಕ್ಕೆ ಬರುವ ಕ್ರಮ ನಮ್ಮಲ್ಲಿಲ್ಲ," ಎಂದ ವಾಸು.

"ಒಳಗೆ ಬರುದಿಲ್ಲ ಅಣ್ಣ. ನಾಲ್ಕು ರಸ್ತೆ ಸೇರುವ ಆ ನಾಕಾ ದಾಟಿದ್ರೆ ಸಾಕು. ನಿನ್ನೆ ಟ್ಯಾಂಕರ್ ಅವರ ಮೇಲೆ ಹೋಯ್ತಲ್ಲ, ಅದೇ ನಾಕಾ. ಅಲ್ಲಿ ಸಿಗ್ನಲ್ ಬೇಕು ಅಂತ ಸರ್ ಆರು ಅರ್ಜಿ ಕೊಟ್ಟಿದ್ರು. ಇವತ್ತು ದಾಟದಿದ್ರೆ ನಾಳೆ ನಮ್ಮಲ್ಲಿ ಒಬ್ಬಳೂ ಸೈಕಲ್ ಮುಟ್ಲಿಕ್ಕಿಲ್ಲ. ಅವರು ಕಲ್ಸಿದ್ದೆಲ್ಲ ನೀರಲ್ಲಿ ಹೋಮ."

ಮುಕ್ತಾ ಚಪ್ಪಲಿ ಮೆಟ್ಟಿದಳು.

"ಅತ್ತಿಗೆ!"

"ಕ್ರಮ ಆಮೇಲೆ ನೋಡುವ ವಾಸು. ನಾನು ವ್ಯಾನಲ್ಲಿ ಕೂತ್ಕೊಳ್ತೇನೆ."

ಶವದ ವ್ಯಾನು ನಾಕಾ ದಾಟಿತು. ಹಿಂದಿದ್ದ ಹೆಂಗಸರು ದಾಟಲಿಲ್ಲ. ಬಸ್ಸು, ಟ್ರಕ್ಕು ಒಂದರ ಬೆನ್ನಿಗೊಂದು ನುಗ್ಗುತ್ತಿದ್ದವು. ಸುಂದರಿ ಎರಡು ಸಲ ಪೆಡಲಿಗೆ ಕಾಲಿಟ್ಟು ಎರಡು ಸಲವೂ ಇಳಿಸಿದಳು. ಉಳಿದವರು ಅವಳ ಕಾಲನ್ನೇ ನೋಡುತ್ತಿದ್ದರು.

ಮುಕ್ತಾ ವ್ಯಾನು ನಿಲ್ಲಿಸಿ ಇಳಿದಳು. ರಸ್ತೆಯ ನಟ್ಟನಡುವೆ ಹೋಗಿ ಕೈ ಎತ್ತಿದಳು. ಟ್ಯಾಂಕರೊಂದು ಅವಳಿಂದ ಒಂದು ಮಾರು ದೂರದಲ್ಲಿ ಕಿರುಗುಟ್ಟಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, ಸಾಯಬೇಕಾ, ಎಷ್ಟು ಹೊತ್ತು ನಿಲ್ಲಲಿ ಎಂದು ರೇಗಿದ.

"ಅರೇ ಮಾಂಜೀ, ಮರ್ನಾ ಹೈ ಕ್ಯಾ? ಕಬ್ ತಕ್ ರುಕೂಂ?"

"ಸಬ್ ಜಾಯೇಂಗೀ, ತಬ್ ತಕ್." ಎಲ್ಲರೂ ದಾಟುವ ತನಕ, ಎಂದಳು ಮುಕ್ತಾ.

ಸುಂದರಿ ಪೆಡಲ್ ತುಳಿದಳು. ಅವಳ ಹಿಂದೆ ನರ್ಸ್, ಅವಳ ಹಿಂದೆ ಇನ್ನೂ ಹತ್ತು ಮಂದಿ. ವಾಹನಗಳ ಸಾಲು ಸೇತುವೆಯವರೆಗೆ ಬೆಳೆಯಿತು. ಹಾರ್ನುಗಳು ಕಿವಿಗಡಚಿಕ್ಕಿದವು. ಮುಕ್ತಾ ಎತ್ತಿದ ಕೈ ಇಳಿಸಲಿಲ್ಲ. ಎಲ್ಲರಿಗಿಂತ ಹಿಂದೆ ನರೆತಲೆಯ ಅಜ್ಜಿಯೊಬ್ಬಳು ವಾಲಾಡುತ್ತ, ನಿಧಾನಕ್ಕೆ ರಸ್ತೆಗಿಳಿಯುತ್ತಿದ್ದಳು.