ಯಂತ್ರದ ಕೋಣೆಯ ಕಿಟಕಿ

"ನಿಮ್ಮ ಅಡ್ಡಹೆಸರು ಹೇಳಲೇ ಇಲ್ಲಲ್ರಿ?" ತಾತ್ಯಾಸಾಹೇಬರು ಎರಡನೇ ಸಲ ಕೇಳಿದರು.

"ನೀಲಮ ಅಂದ್ರ ಸಾಕ್ರಿ ಸರ್. ಆಫೀಸಿನ್ಯಾಗೂ ಹಂಗ ಕರೀತಾರ," ಎನ್ನುತ್ತ ನೀಲಮ ಮೊಬೈಲನ್ನು ಟೀಪಾಯಿಯ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದಳು. ಮನೆತನದ ಹೆಸರು ಕೇಳುವ ಆ ಪ್ರಶ್ನೆ ಜಾತಿಗೆ ಹೋಗಿ ಮುಟ್ಟುತ್ತದೆಂದು ಈ ಭಾಗದಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇವತ್ತು ಅವಳ ಅಂಜಿಕೆ ಬೇರೆಯೇ ಇತ್ತು. ಅಡ್ಡಹೆಸರು ಕೇಳಿದರೆ ಮುದುಕನಿಗೆ ಭರಮು ನೆನಪಾಗಬಹುದು, ಬಾಯಿ ಅಲ್ಲಿಗೇ ಮುಚ್ಚಿಹೋಗಬಹುದು.

ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್ ಕೇಂದ್ರಕ್ಕೆ ಬರುವ ತಿಂಗಳು ಬೆಳ್ಳಿಹಬ್ಬ. ಅದರ ಇತಿಹಾಸ ಬರೆಯುವ ಕೆಲಸ ಅಲ್ಲಿಯೇ ಪ್ರೋಗ್ರಾಮರ್ ಆಗಿದ್ದ ನೀಲಮಳ ಪಾಲಿಗೆ ಬಂದಿತ್ತು. ಬಂದಿತ್ತೇನು, ತಾನಾಗಿ ಕೇಳಿ ತೆಗೆದುಕೊಂಡಿದ್ದಳು. ಕಾವಲುಗಾರನ ನಿಷ್ಕಾಳಜಿಯಿಂದ ಮೊದಲ ಯಂತ್ರ ಸುಟ್ಟುಹೋಯಿತು ಎಂಬ ಮಾತು ಪ್ರತಿ ವಾರ್ಷಿಕೋತ್ಸವದ ಭಾಷಣದಲ್ಲೂ ಬರುತ್ತಿತ್ತು. ಆ ಕಾವಲುಗಾರ ಭರಮು, ಅವಳ ಅಪ್ಪ.

ಯಂತ್ರದ ಕೋಣೆಗೆ ಹಿಂದೊಂದು ಕಿಟಕಿ ಇತ್ತು. ತೆರೆಯಬಾರದೆಂದು ಕಟ್ಟಪ್ಪಣೆ. ಸುತ್ತ ಎಲ್ಲ ಕಬ್ಬಿನ ಹೊಲ. ಕಟಾವಿನ ಕಾಲಕ್ಕೆ ರವದಿ ಎಂಬ ಒಣ ಸೋಗೆ ಸುಟ್ಟ ಕರಿ ಹಾರಿ ಒಳಗೆ ಬಂದರೆ ಯಂತ್ರದ ಉಸಿರು ಕಟ್ಟುತ್ತದೆ. ಒಂದು ಮುಂಜಾನೆ ನೋಡಿದರೆ ಕಿಟಕಿ ತೆರೆದಿತ್ತು, ಯಂತ್ರ ಸತ್ತಿತ್ತು. ಬೀಡಿ ಸೇದಲು ಭರಮುವೇ ತೆರೆದಿರಬೇಕು ಎಂದರು, ಕೆಲಸದಿಂದ ತೆಗೆದರು. ತಾನು ಆ ಕಿಟಕಿ ಮುಟ್ಟಿಯೂ ಇಲ್ಲವೆಂದು ಅವನು ಹೇಳುತ್ತಲೇ ಇದ್ದ. ಹೆಂಡತಿ ತುಳಸವ್ವಳೇ ನಂಬಲಿಲ್ಲ. ಅವನ ಬೀಡಿಯ ಚಟ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಜ ಹೇಳಬೇಕೆಂದರೆ ನೀಲಮಳೂ ನಂಬಿರಲಿಲ್ಲ. ಆದರೆ ಅದೇ ಕೇಂದ್ರಕ್ಕೆ ಕೆಲಸಕ್ಕೆ ಸೇರಿದ ಮೇಲೆ ಅವಳ ಸಂಶಯ ಮೆಲ್ಲಗೆ ಮಗ್ಗಲು ಬದಲಿಸಿತು. ಅವತ್ತು ಸಂಜೆ ಕೊನೆಗೆ ಆ ಕೋಣೆಯಿಂದ ಹೊರಬಿದ್ದವರು ಮುಖ್ಯ ಆಪರೇಟರ್ ತಾತ್ಯಾಸಾಹೇಬರು. ವಿಚಾರಣೆಯಲ್ಲಿ ಭರಮುವಿನ ವಿರುದ್ಧ ಹೇಳಿದವರೂ ಅವರೇ.

ನಿವೃತ್ತರಾಗಿ ದಿಗ್ಗೇವಾಡಿಗೆ ಬಂದು ಕೂತಿದ್ದ ಮುದುಕರಿಗೆ ಹಳೆಯದನ್ನು ಹೇಳುವ ಉಮೇದು ಬಹಳ. "ಲಾರಿ ಮ್ಯಾಲ ಬಂತ್ ನೋಡ್ರಿ ಅದು. ಅರಿಶಿಣ ಕುಂಕುಮ ಹಚ್ಚಿ ಒಳಗ ತಗೊಂಡ್ವಿ. ಸತ್ತಿ ಊರಿಗೆ ಕೃಷ್ಣಾದ ಮಹಾಪೂರ ಯಾವಾಗ ಮುಟ್ಟತೈತಿ ಅಂತ ಲೆಕ್ಕಾ ಹಾಕತಿತ್ತು. ಈಗಿನ ಮೊಬೈಲಿಗಿಂತ ಶಾಣ್ಯಾ ಇತ್ತೋ ಇಲ್ಲೋ, ಸೊಕ್ಕ ಮಾತ್ರ ಭಾಳ ಇತ್ರಿ ಅದಕ್ಕ."

ನೀಲಮ ನಕ್ಕಳು. ನಗುತ್ತಲೇ ಕೇಳಿದಳು: "ಮತ್ತ ಆ ಕಿಡಕಿ ವಿಷಯ?"

ತಾತ್ಯಾಸಾಹೇಬರ ಕಣ್ಣು ಮೊಬೈಲಿನ ಮೇಲೆ ಹೋಯಿತು. "ಅದನ್ಯಾಕ ಬರೀತೀರಿ? ಮನಶಾ ಛಲೋ ಇದ್ದ. ಚಟ ಕೆಟ್ಟದ್ದು."

ಇದು ಏನೋ ಮುಚ್ಚಿಡುವವರ ಮಾತು ಎಂದು ನೀಲಮಳಿಗೆ ಅನ್ನಿಸಿತು. ಅಷ್ಟರಲ್ಲಿ ಅವರ ಹೆಂಡತಿ ಕುಸುಮಬಾಯಿ ಒಳಗಿಂದ ಕೂಗಿದರು. "ಹೊತ್ತ ಮುಳಗಾಕ ಬಂತು, ಊಟಾ ಮುಗಸರಿ. ತಂಗಿ, ನೀನೂ ಕೂಡವಾ."

ಊಟ ಮುಗಿದು ಕೈ ತೊಳೆಯುವಷ್ಟರಲ್ಲಿ ಕತ್ತಲಾಗಿ, ಪಡಸಾಲೆಯ ಬಲ್ಬಿನ ಸುತ್ತ ಒಂದು ದೀಪದ ಹುಳ ಗಿರಕಿ ಹೊಡೆಯತೊಡಗಿತು. ತಾತ್ಯಾಸಾಹೇಬರು ಎದ್ದರು. ಬಲ್ಬು ಆರಿಸಿದರು, ಕಿಟಕಿ ತೆರೆದರು, ಬೀದಿದೀಪದ ಬೆಳಕಿನ ಕಡೆಗೆ ಹುಳವನ್ನು ಟವೆಲ್ಲಿನ ತುದಿಯಿಂದ ಮೆಲ್ಲಗೆ ಕಳಿಸಿದರು. ಮತ್ತೆ ಬಲ್ಬು ಹಾಕಿ ಬಂದು ಕೂತರು.

"ಮೊದಲಿಂದನೂ ಹಿಂಗ ನೋಡವಾ ಇವರು," ಕುಸುಮಬಾಯಿಯ ದನಿಯಲ್ಲಿ ಹೆಮ್ಮೆ ಇತ್ತು. "ಮಶೀನ್ ಕೋಣ್ಯಾಗ ಹುಳ ಬಂದ್ರೂ ಬಿಡತಿರಲಿಲ್ಲ. ಕಿಡಕಿ ತೆರದು ಹೊರಗ ಕಳಿಸೇ ಮನಿಗೆ ಬರತಿದ್ರು. ಇವತ್ತ ಒಂದ ಜೀವ ಉಳಸಿ ಬಂದೆ ಅಂತಿದ್ರು."

ಮೊಬೈಲಿನ ಕೆಂಪು ಚುಕ್ಕೆ ಇನ್ನೂ ಮಿನುಗುತ್ತಿತ್ತು.

"ಕುಸುಮಾ, ಚಹಾ ಇಡು," ಎಂದರು ತಾತ್ಯಾಸಾಹೇಬರು. ಹೊತ್ತು ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಯಾರೂ ನೀರೂ ಮುಟ್ಟುವುದಿಲ್ಲವೆಂಬುದು ಅವರಿಗೆ ಮರೆತೇ ಹೋಗಿತ್ತು.

"ಅವತ್ತ ಸಂಜೀಕೂ ತೆರದಿದ್ರೇನ್ರಿ?" ನೀಲಮ ಕೇಳಿದಳು.

"ತೆರದಿದ್ದೆ... ಮತ್ತ ಮುಚ್ಚಿದ್ದೆ. ಮುಚ್ಚದ ಹೆಂಗ ಬಿಡತೇನಿ?"

ನೀಲಮ ಅವರ ಬೆನ್ನ ಹಿಂದೆ ನೋಡಿದಳು. ತಾತ್ಯಾಸಾಹೇಬರೂ ತಿರುಗಿದರು. ಕಿಟಕಿಯ ಎರಡೂ ಬಾಗಿಲು ಹಾರುಹೊಡೆದಿದ್ದವು, ಇನ್ನೆರಡು ಹುಳ ಒಳಗೆ ಬಂದಿದ್ದವು.

ಅವರು ಮತ್ತೆ ನೀಲಮಳ ಕಡೆ ತಿರುಗಿ ಕೇಳಿದರು. "ನಿಮ್ಮ ಅಡ್ಡಹೆಸರು ಏನಂದ್ರಿ?"

"ನಾ ಭರಮುನ ಮಗಳ್ರಿ," ಎಂದು ಅವಳು ಮೊಬೈಲು ಎತ್ತಿಕೊಂಡಳು.

ತನ್ನೂರು ಚಿಂಚಲಿಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಆ ಮುದುಕನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆಯೇ ಬಂದ ನಾಚಿಕೆ ದೊಡ್ಡದಾಗಿತ್ತು. ಅಪ್ಪ ಹೇಳಿದ್ದು ಒಂದೇ ಮಾತು. ಅದನ್ನು ಮನೆಯವರೇ ನಂಬಲಿಲ್ಲ.

ಮನೆಯಲ್ಲಿ ಭರಮು ಎಂದಿನಂತೆ ಕಿಟಕಿ ಮುಚ್ಚಿ, ಅಗಳಿ ಹಾಕಿ, ಬಿದ್ದಿದೆಯೋ ಇಲ್ಲವೋ ಎಂದು ಎಳೆದು ನೋಡುತ್ತಿದ್ದ. ಕೆಲಸ ಹೋದಂದಿನಿಂದ ಅವನದು ಇದೇ ರೂಢಿ. "ಹೊಗಿಯೊಳಗ ಸಾಯ್ರಿ ಎಲ್ಲಾರೂ," ಎಂದು ತುಳಸವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬೈಯುತ್ತಿದ್ದಳು.

ನೀಲಮ ಮೊಬೈಲನ್ನು ನೆಲದ ಮೇಲಿಟ್ಟು ಒತ್ತಿದಳು. ಕುಸುಮಬಾಯಿಯ ಹೆಮ್ಮೆಯ ದನಿ ಬಂತು. ಆಮೇಲೆ ತಾತ್ಯಾಸಾಹೇಬರದು. ರೊಟ್ಟಿಯ ಸಪ್ಪಳ ನಿಂತಿತು. ಭರಮು ಅಲ್ಲೇ ಕೂತು, ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದ.

ತುಳಸವ್ವ ಹಿಟ್ಟಿನ ಕೈಯಲ್ಲೇ ಎದ್ದಳು. ಗಂಡನ ಮುಖ ನೋಡಲಿಲ್ಲ. ಅವನು ಆಗಷ್ಟೇ ಹಾಕಿದ್ದ ಅಗಳಿಯನ್ನು ಸರಿಸಿ ಕಿಟಕಿಯನ್ನು ಪೂರ್ತಿ ತೆರೆದಳು. ಒಲೆಯ ಹೊಗೆ ಹೊರಗೆ ಹೋಗತೊಡಗಿತು. ಭರಮು ಮುಚ್ಚಲು ಏಳಲಿಲ್ಲ.