ಎರಡನೆಯ ಹಗ್ಗ

"ಎರಡನೇ ನಂಬರಿನವರಿಗೆ ಚೀಟಿ ತಲುಪಿದೆಯಾ, ಅಮ್ಮಾ?" ಎಂದು ಶವಸಂಸ್ಕಾರದ ಏರ್ಪಾಡು ನೋಡಿಕೊಳ್ಳುವ ಲೆನಿ ಮೂರನೇ ಸಲ ಕೇಳಿದಾಗ ಎಫಿ ಪರ್ಡನ್ ತನ್ನ ಕೈಚೀಲದ ಬಾಯನ್ನು ಚಟ್ಟೆಂದು ಮುಚ್ಚಿದಳು.

"ಅಂಚೇಲಿ ಕಳೆದುಹೋಗಿರ್ಬೇಕು."

ಅಂಚೆಗೆ ಹಾಕಿದ್ದರಲ್ಲವೇ ಕಳೆಯುವುದು! ಚೀಟಿ ಚೀಲದೊಳಗೇ ಇತ್ತು. ಅಲ್ಲಿಯ ಪದ್ಧತಿಯಂತೆ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಹಗ್ಗ, ಎಂಟು ಜನ, ಒಬ್ಬೊಬ್ಬರಿಗೂ ಒಂದು ನಂಬರಿನ ಚೀಟಿ. ಯಾವ ಹಗ್ಗ ಯಾರಿಗೆ ಎಂದು ಅವಳ ಗಂಡ ವಾಟಿ ಸಾಯುವ ಮುಂಚೆ ದಿಂಬಿಗೆ ಒರಗಿಕೊಂಡು ತಾನೇ ಪಟ್ಟಿ ಬರೆದಿದ್ದ. ಒಂದನೆಯದು ಮಗಳು ರೋನಾಗೆ. ಎರಡನೆಯದು ಟಾಮ್ ಹ್ಯಾಡೊಗೆ. ಆ ಹೆಸರು ಓದಿದ ಮೇಲೆ ಎಫಿಯ ಕಣ್ಣಿಗೆ ಬೇರೆ ಯಾವುದೂ ಕಾಣಲಿಲ್ಲ. ಲೆನಿ ಅಚ್ಚು ಹಾಕಿಸಿ ತಂದ ಚೀಟಿಗಳಲ್ಲಿ ಏಳನ್ನು ಅಂಚೆಗೆ ಹಾಕಿ ಒಂದನ್ನು ಇಟ್ಟುಕೊಂಡಳು. ಗಂಡ ಕೇಳಿದ ಕೊನೆಯ ಮಾತು ಅದು ಎಂದು ಗೊತ್ತಿತ್ತು, ಸಂಕಟವೂ ಆಗುತ್ತಿತ್ತು. ಆದರೂ ಮನಸ್ಸು ಬರಲಿಲ್ಲ.

"ಹೋಗ್ಲಿ ಬಿಡಪ್ಪ, ನನ್ನದರ ಜೊತೆ ಆ ಹಗ್ಗಾನೂ ನಾನೇ ಹಿಡ್ಕೋತೀನಿ," ಎಂದ ಪೀಮ್. ಬರ್ನ್‌ಶೀ ರೋವರ್ಸ್ ಫುಟ್‌ಬಾಲ್ ತಂಡದಲ್ಲಿ ವಾಟಿಯ ಜೊತೆ ಎಡ ಅಂಚಿನಲ್ಲಿ ಓಡುತ್ತಿದ್ದವನು ಅವನು. ಈಗ ಮಂಚದಿಂದ ಏಳುವುದಕ್ಕೂ ಗೋಡೆ ಹಿಡಿಯಬೇಕು. "ಐದು ವರ್ಷ ಅವನ ಕಾಲಿಗೆ ಚೆಂಡು ತಂದುಕೊಟ್ಟೋನು ನಾನು. ಒಂದೇ ಒಂದ್ಸಲ ತಿರುಗಿ ಕೊಟ್ಟಿದ್ರೆ ಕೇಳು!"

"ಕೊಟ್ಟಿದ್ರೆ ನೀವು ಅದನ್ನ ರೈಲು ಹಳಿ ಮೇಲೆ ಒದೀತಿದ್ರಿ. ಅಪ್ಪನೇ ಹೇಳ್ತಿದ್ರು," ಎಂದಳು ರೋನಾ. ಕೋಣೆಯಲ್ಲಿದ್ದವರು ನಕ್ಕರು. ಎಫಿಗೆ ನಗು ಬರಲಿಲ್ಲ. ಮೂರು ದಿನದಿಂದ ಬಂದವರಿಗೆಲ್ಲ ಚಹಾ ಮಾಡಿ ಮಾಡಿ ಅವಳ ಮೈ ಹಣ್ಣಾಗಿತ್ತು.

ಪೀಮ್ ಕಿಟಕಿಯ ಪರದೆ ಸರಿಸಿ, ದನಿ ತಗ್ಗಿಸಿದ. "ಎಫಿ, ರಸ್ತೆ ಆಚೆ ಆ ಹ್ಯಾಡೊ ನಿಂತಿದಾನೆ. ಪೇಪರ್‌ನಲ್ಲಿ ಸಾವಿನ ಸುದ್ದಿ ನೋಡ್ಕೊಂಡು ಬಂದಿರ್ಬೇಕು."

"ನಿಂತ್ಕೊಳ್ಲಿ. ರಸ್ತೆಯೇನು ನಮ್ಮಪ್ಪಂದಲ್ವಲ್ಲ."

*

ಸಾವಿರದ ಒಂಬೈನೂರ ಐವತ್ತೊಂದರ ಜನವರಿ. ಚಳಿಗೆ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಆಟ ನಡೆಯುತ್ತದೋ ಇಲ್ಲವೋ ಎಂದು ಮಧ್ಯಾಹ್ನದವರೆಗೂ ಅನುಮಾನ. ಏಳು ತಿಂಗಳ ಬಸುರಿ ಎಫಿ ಮರದ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ವಾಟಿಗೆ ಇಪ್ಪತ್ತೇಳು. ಗ್ಲಾಸ್ಗೊದ ದೊಡ್ಡ ತಂಡವೊಂದರ ಜನ ಅವತ್ತು ಅವನನ್ನು ತಮ್ಮಲ್ಲಿಗೆ ಸೇರಿಸಿಕೊಳ್ಳಬಹುದೇ ಎಂದು ನೋಡಲೆಂದೇ ಬಂದಿದ್ದರು.

ಪೀಮ್ ಕೊಟ್ಟ ಚೆಂಡನ್ನು ವಾಟಿ ಎದೆಯಲ್ಲಿ ತಡೆದು ತಿರುಗಿದ. ಎದುರು ತಂಡದ ರಕ್ಷಣೆಯ ಆಟಗಾರ ಹ್ಯಾಡೊ ಚೆಂಡು ಕಸಿಯಲು ಅವನ ಕಾಲಿಗೇ ಜಾರಿ ಬಂದ. ಒಣ ಸೌದೆ ಮುರಿದಂಥ ಸದ್ದು ಬೆಂಚಿನವರೆಗೂ ಕೇಳಿಸಿತು.

ಮೂರನೆಯ ದಿನ ಹ್ಯಾಡೊ ಆಸ್ಪತ್ರೆಗೆ ಬಂದ, ಕಾಗದದ ಪೊಟ್ಟಣದಲ್ಲಿ ನಾಲ್ಕು ಕಿತ್ತಳೆ ಹಿಡಿದು. ಎಫಿ ಅವನನ್ನು ಕಾರಿಡಾರಿನಲ್ಲೇ ತಡೆದಳು. "ಗಣಿಗೆ ಹೋಗಬಾರ್ದು ಅಂತ ಚೆಂಡು ಒದ್ದೋನು ಅವನು. ಈಗ ಎಲ್ಲಿಗೆ ಹೋಗ್ತಾನೆ, ಹೇಳು!" ಎಂದು ಕೂಗಿದಳು. ಹ್ಯಾಡೊ ಪೊಟ್ಟಣವನ್ನು ನೆಲದ ಮೇಲಿಟ್ಟು ಹೊರಟುಹೋದ.

ವಾಟಿ ಕಲ್ಲಿದ್ದಲು ಗಣಿಗೇ ಹೋದ. ಕುಂಟು ಕಾಲಿಗೆ ಕೆಳಗೆ ಕೆಲಸವಿಲ್ಲವೆಂದು ದೀಪದ ಕೋಣೆಯಲ್ಲಿ ಕೂತು, ಇಳಿಯುವವರಿಗೆ ದೀಪ ಕೊಟ್ಟು, ಮೇಲೆ ಹತ್ತಿ ಬಂದವರಿಂದ ವಾಪಸು ಪಡೆದು ಮೂವತ್ತು ವರ್ಷ ಕಳೆದ. ಹ್ಯಾಡೊ ಹೆಸರು ಮನೆಯೊಳಗೆ ಬರಕೂಡದೆಂದು ಕಟ್ಟು ಮಾಡಿದವಳು ಎಫಿ. ವಾಟಿ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಅವನ ಒಳಗಿನ ನೋವು ಅಷ್ಟಿದೆ ಎಂದುಕೊಂಡು, ಅವನ ಪಾಲಿನ ಸಿಟ್ಟನ್ನೂ ಅವಳೇ ಹೊತ್ತಳು.

ಹೋದ ತಿಂಗಳು ಪಟ್ಟಿ ನೋಡಿ, "ಇವನ್ಯಾಕೆ?" ಎಂದು ಕೇಳಿದ್ದಳು.

"ಅದು ಅವನ ಜಾಗ ಕಣೆ," ಎಂದು ವಾಟಿ ಕಣ್ಣು ಮುಚ್ಚಿಕೊಂಡಿದ್ದ.

*

ಸ್ಮಶಾನ ಗುಡ್ಡದ ಮೇಲೆ. ಪಾದ್ರಿಯ ಮಾತು ಅರ್ಧ ಗಾಳಿಗೇ ಹೋಯಿತು. ಲೆನಿ ಒಂದೊಂದೇ ನಂಬರು ಕೂಗಿದ. "ಒಂದು." ರೋನಾ ತಲೆಯ ಕಡೆ ಹೋಗಿ ನಿಂತಳು. "ಎರಡು."

ಯಾರೂ ಕದಲಲಿಲ್ಲ. ಹ್ಯಾಡೊ ದೂರದಲ್ಲಿ, ಬೇಲಿಯ ಪಕ್ಕ, ಟೋಪಿ ತೆಗೆದು ನಿಂತಿದ್ದ. ಎತ್ತರದ ಆಳು ಬಾಗಿಹೋಗಿದ್ದ.

"ಎರಡು," ಎಂದ ಲೆನಿ ಮತ್ತೆ.

ಎಫಿಗೆ ಒಮ್ಮೆಗೇ ಸಾಕಾಯಿತು. ನಲವತ್ತು ವರ್ಷ ಒಬ್ಬನನ್ನು ದ್ವೇಷಿಸುವುದೂ ಮೈಮುರಿಯುವ ಕೆಲಸವೇ. ವಾಟಿ ಜೀವಮಾನದಲ್ಲಿ ಅವಳನ್ನು ಏನನ್ನಾದರೂ ಕೇಳಿದ್ದೇ ಕಡಿಮೆ. ಅವಳು ಹಸಿ ಹುಲ್ಲಿನ ಮೇಲೆ ಕಾಲೆಳೆಯುತ್ತ ಬೇಲಿಯವರೆಗೆ ಹೋಗಿ, ಚೀಟಿ ತೆಗೆದು ಚಾಚಿದಳು.

"ತಗೋ. ಅವನು ಬರೆದಿದ್ದು, ನಾನಲ್ಲ."

ಹ್ಯಾಡೊ ಕನ್ನಡಕ ಹುಡುಕಿ ಹಾಕಿಕೊಂಡ. ಚೀಟಿಯ ಮೇಲೆ ತನ್ನ ಹೆಸರು. ಕೆಳಗೆ ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸುವ ಪೆಟ್ಟಿಗೆಯ ಪುಟ್ಟ ಚಿತ್ರ. ಎಫಿ ಹೆಸರು ನೋಡಿದ್ದಳೇ ಹೊರತು ಚಿತ್ರ ನೋಡಿರಲಿಲ್ಲ. ಅವನು ತುಂಬ ಹೊತ್ತು ನೋಡಿದ. ಆಮೇಲೆ ಕೆಮ್ಮಿನಂಥ ನಗು ನಕ್ಕ.

"ಕಾಲಿನ ಹತ್ರ ನಿಲ್ಲಿಸಿದಾನೆ ನನ್ನ," ಎಂದ. "ಕಳ್ಳ ನನ್ಮಗ. ಕಾಲಿನ ಹತ್ರ!"

ಎಫಿ ಚಿತ್ರದತ್ತ ಬಗ್ಗಿದಳು. ಒಂದು ತಲೆಯ ಕಡೆ, ಎರಡು ಪಾದದ ಕಡೆ. ಅವಳ ಬಾಯಿಂದ ನಗು ಹಾರಿತು, ಹಿಂದೆಯೇ ಅಳುವೂ ಬಂತು. ಎಲ್ಲರೆದುರು ಎರಡನ್ನೂ ತಡೆಯಲಾಗಲಿಲ್ಲ. ವಾಟಿ ಇದನ್ನು ಎಂದೋ ನಕ್ಕು ಮುಗಿಸಿದ್ದ. ತಾನೊಬ್ಬಳೇ ಇಷ್ಟು ವರ್ಷ ಅವನ ಮುರಿದ ಕಾಲನ್ನು ಹಿಡಿದು ಕೂತಿದ್ದಳು.

"ಬಾ, ಲೆನಿ ಕಾಯ್ತಿದಾನೆ," ಎಂದಳು.

ಎಂಟು ಜನ ಹಗ್ಗ ಸಡಿಲಿಸುತ್ತ ಹೋದರು. ಹ್ಯಾಡೊ ತನ್ನ ಹಗ್ಗವನ್ನು ಅಂಗುಲ ಅಂಗುಲವಾಗಿ ಇಳಿಬಿಟ್ಟ, ಪೆಟ್ಟಿಗೆಯ ಕಾಲಿನ ಕಡೆ ಎಲ್ಲೂ ತಾಗದ ಹಾಗೆ. ಪೆಟ್ಟಿಗೆ ತಳ ಮುಟ್ಟಿತು. ಉಳಿದವರು ಹಗ್ಗವನ್ನು ಒಳಕ್ಕೆ ಹಾಕಿ ಹಿಂದೆ ಸರಿದರು. ಹ್ಯಾಡೊ ಮಾತ್ರ ಬಿಗಿಹಿಡಿದು ಹಾಗೇ ನಿಂತಿದ್ದ. ಲೆನಿ ಕೆಮ್ಮಿದ, ಪೀಮ್ ಬೇರೆ ಕಡೆ ನೋಡಿದ.

ಎಫಿ ಅವನ ಪಕ್ಕಕ್ಕೆ ಹೋದಳು.

"ಆಯ್ತು, ಬಿಡಪ್ಪ," ಎಂದಳು. "ಅವನಿಗೆ ನೋವಾಗ್ಲಿಲ್ಲ."

ಅವನ ಮುಷ್ಟಿ ಬಿಚ್ಚಲಿಲ್ಲ. ಅವಳು ಕೈಗವಸು ತೆಗೆದು, ತಣ್ಣಗಾಗಿದ್ದ ಆ ದಪ್ಪ ಬೆರಳುಗಳನ್ನು ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸತೊಡಗಿದಳು.