ವಲ್ಲಿಯ ಕೆಳಗೆ ಕುದುರಿದ ಜೀಪು

ಇಳಕಲ್ಲಿನ ಸೀರೆ ವ್ಯಾಪಾರಿ ಅಂದಪ್ಪನಿಗೆ ಜೀಪಿನ ಹುಚ್ಚು ಹತ್ತಿದ್ದು ಎಂಬತ್ಮೂರನೆಯ ಇಸವಿಯಲ್ಲಿ, ಚಿಕ್ಕಪ್ಪನ ಮಗಳ ಮದುವೆಗೆಂದು ಮನೆಮಂದಿಯೆಲ್ಲ ಬಾಗಲಕೋಟೆಗೆ ಹೊರಟ ದಿನ. ಮೊದಲ ಬಸ್ಸಿಗೆ ಟ್ರಂಕುಗಳು ಹತ್ತಿದವು, ಎರಡನೆಯದಕ್ಕೆ ಹೆಂಗಸರು ಹತ್ತಿದರು, ಮೂರನೆಯದು ನಿಲ್ಲಲೇ ಇಲ್ಲ. ಅಂದಪ್ಪ ಹೋಗಿ ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು, ಉಂಡವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಇಷ್ಟು ದೊಡ್ಡ ಅಂಗಡಿಯ ಸಾವುಕಾರ ಬಸ್ಸು ಸಿಗದೆ ಮದುವೆ ತಪ್ಪಿಸಿಕೊಂಡ ಎಂದು ಬೀಗರು ನಕ್ಕರು. ಆ ನಗೆ ಅವನ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಆಗ ಹೊಸ ಗಾಡಿ ಬೇಕೆಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ದಾರಿ ಕಾಯಬೇಕಿತ್ತು. ಅಷ್ಟು ತಾಳ್ಮೆ ಅಂದಪ್ಪನಿಗೆಲ್ಲಿ? ಹುನಗುಂದದಲ್ಲಿ ಕಲ್ಲಿನ ಗುತ್ತಿಗೆ ಮಾಡುವ ದೇವಪ್ಪ ಹಿಂದೆಂದೋ ಎರಡು ಜೀಪಿಗೆ ಹೆಸರು ಹಚ್ಚಿದ್ದನಂತೆ, ಎರಡೂ ಒಟ್ಟಿಗೇ ಬಂದು ಅವನ ಅಂಗಳದಲ್ಲಿ ನಿಂತಿದ್ದವು. ಒಂದನ್ನು ಮಾರುತ್ತಾನೆಂದು ಸುದ್ದಿ ಬಂತು. ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆಯದ ಗಾಡಿ. ಅವನು ಹೇಳುವುದು ಎಪ್ಪತ್ತು ಸಾವಿರ, ಅಂದಪ್ಪ ಎಲ್ಲ ಕಡೆ ಬಳಿದು ಕೂಡಿಸಿದರೆ ಅರವತ್ತು.

ಕುದುರಿಸಬೇಕಿತ್ತು. ಆದರೆ ಸೀರೆ ಮಾರುವಾಗ ಗಿರಾಕಿಯ ಮುಖ ನೋಡಿಯೇ ಬೆಲೆ ಹೇಳುವ ಅಂದಪ್ಪ, ತಾನು ಕೊಳ್ಳಲು ಹೋದರೆ ಬೆಣ್ಣೆಯಂತಾಗುತ್ತಿದ್ದ. ಬದನೆಕಾಯಿ ಮಾರುವ ಮುದುಕಿ ಸಹ ಅವನಿಗೆ ಹುಳುಕನ್ನೇ ತೂಗಿ ಕಳಿಸುತ್ತಿದ್ದಳು. ಅದಕ್ಕೇ ಅವನ ಹೆಂಡತಿ ಗುರುಸಿದ್ದವ್ವ, ನಮ್ಮ ಅಣ್ಣನನ್ನು ಕರೆಸೋಣ ಅಂದಳು. ಹಾಗೆ ಅನ್ನುವಾಗ ಅವಳ ದನಿಯಲ್ಲಿ ಜಂಬವಿತ್ತು, ಇರಬೇಕಾದದ್ದೇ.

ಗುರುಸಿದ್ದವ್ವನ ತವರು ಶಿವಯೋಗ ಮಂದಿರದ ಹತ್ತಿರದ ಹಳ್ಳಿ. ತಂದೆ ಮಲಕಪ್ಪ ಆ ಸೀಮೆಗೇ ಹೆಸರಾದ ದನದ ದಲ್ಲಾಳಿ. ಅವನು ಹೋದ ಮೇಲೆ ಮಗ ಅಮಾತೆಪ್ಪ ಅದೇ ಕಸುಬು ಹಿಡಿದಿದ್ದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸುತ್ತಾರೆ. ಅದರ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿದರೆ ಅಷ್ಟು ಸಾವಿರ, ಅಥವಾ ಅಷ್ಟು ನೂರು. ಸುತ್ತ ಊರೇ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ. ವಲ್ಲಿ ಸರಿಸಿದರೆ ವ್ಯಾಪಾರ ಮುಗಿಯಿತು. ಆಮೇಲೆ ಯಾರಾದರೂ ಹಿಂದೆ ಸರಿದರೆ ಕೆಡುವುದು ದಲ್ಲಾಳಿಯ ಹೆಸರು. ಮರುವಾರದಿಂದ ಅವನ ಕೈ ಹಿಡಿಯುವವರು ಇರುವುದಿಲ್ಲ.

ಮಲಕಪ್ಪ ಮಕ್ಕಳಿಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು ವಲ್ಲಿಯ ಕೆಳಗೆ ಬೆರಳಾಟ ಆಡಿಸುತ್ತಿದ್ದ. ಬಾಯಲ್ಲಿ ಎಷ್ಟು ಬೇಕಾದರೂ ಬುರುಡೆ ಬಿಡಿ, ವಲ್ಲಿಯ ಕೆಳಗೆ ಮಾತ್ರ ಖರೆ ಇರಬೇಕು ಅನ್ನುತ್ತಿದ್ದ. ಅಣ್ಣ ಬೆರಳು ಹಿಡಿಯುವುದನ್ನು ಕಲಿತ. ತಂಗಿ ಅದರ ಜೊತೆಗೆ ಹೊರಗಿನಿಂದ ಓದುವುದನ್ನೂ ಕಲಿತಳು. ಬೆಲೆ ಹೇಳುವವನ ಮೊಳಕೈ ಮಿಸುಕುತ್ತದೆ, ಒಲ್ಲೆ ಅನ್ನುವವನ ತೋಳು ಬಿಗಿಯುತ್ತದೆ, ಒಪ್ಪಿದವನ ತೋಳು ಸಡಿಲಾಗುತ್ತದೆ. ಹೆಣ್ಣುಮಗಳಿಗೆ ಸಂತೆಯಲ್ಲೇನು ಕೆಲಸವೆಂದು ಅಮಾತೆಪ್ಪ ತಂಗಿಯ ಈ ವಿದ್ಯೆಯನ್ನು ಮರೆತೇಬಿಟ್ಟಿದ್ದ.

ಹೇಳಿ ಕಳಿಸಿದ ಮರುದಿನವೇ ಅಮಾತೆಪ್ಪ ಬಂದ. ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಎಲ್ಲ ಹೊಡೆದು ತೇಗಿದ. ಅಂದಪ್ಪ ಅಂಗಡಿಗೆ ಹೋದ ಮೇಲೆ ಒಲೆಯ ಮುಂದೆ ತಂಗಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ಖರೆ ಹೇಳವಾ,” ಅಂದ. “ಅರವತ್ತಕ್ಕ ಬಗೀಹರಿಲಿಲ್ಲಂದ್ರ ನಿನ್ನ ಕಡೆ ಏನೈತಿ? ದಲ್ಲಾಳಿಗಿ ತಳ ಗೊತ್ತಿರಬೇಕು.”

“ಅವ್ವನ ಡಾಬು ಐತಿ. ತೀರಾ ನಡೀಲಿಲ್ಲಂದ್ರ ಕೊಡಬೇಕಂತ ಮನಸಿನ್ಯಾಗ ಮಾಡೀನಿ. ಇವರಿಗೂ ಹೇಳಿಲ್ಲ, ಹೇಳಿದ್ರ ಒಪ್ಪಾಂಗಿಲ್ಲ. ಆದ್ರ ಅದು ಹೋಗಬಾರದಣ್ಣ. ಅದಕ್ಕಂತನ ನಿನ್ನ ಕರಿಸೇನಿ.”

ಬಂಗಾರದ ಆ ಡಾಬು ಅವ್ವ ಮದುಮಗಳಾಗಿ ಬಂದಾಗಿನದು. ಕಡೆಯ ಎರಡು ವರ್ಷ ನೆಲ ಹಿಡಿದಿದ್ದ ಅವ್ವ ಇದ್ದದ್ದು ಇಳಕಲ್ಲಿನಲ್ಲಿ, ಮಗಳ ಮನೆಯಲ್ಲಿ. ಸೊಸೆಯ ಕೈಲಿ ಆಗುವುದಿಲ್ಲವೆಂದು ಅಮಾತೆಪ್ಪನೇ ತಂದು ಬಿಟ್ಟು ಹೋಗಿದ್ದ. ಲಿಂಗೈಕ್ಯಳಾಗುವ ಮುನ್ನ ಅವ್ವ ತನ್ನ ಕೈಯಾರೆ ಡಾಬನ್ನು ಗುರುಸಿದ್ದವ್ವನ ನಡುವಿಗೆ ಕಟ್ಟಿದ್ದಳು. ಅವಳ ಪಾಲಿಗೆ ಅವ್ವ ಅಂತ ಉಳಿದದ್ದು ಅದೊಂದೇ. ಅಮಾತೆಪ್ಪ ತಂಗಿಯ ತಲೆಯ ಮೇಲೆ ಕೈಯಿಟ್ಟು, ಅದರ ತಂಟೆಗೆ ಯಾರೂ ಬರದಂತೆ ನೋಡಿಕೊಳ್ಳುತ್ತೇನೆ ಅಂದ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸೋಮವಾರ ಮೂವರೂ ಹುನಗುಂದಕ್ಕೆ ಹೋದರು. ಹೊಸ ಗಾಡಿ ಮನೆಗೆ ಬರುವಾಗ ಮುತ್ತೈದೆ ಬರಿ ನಡುವಿನಲ್ಲಿ ಬರಬಾರದೆಂದು ಅತ್ತೆ ಹಟ ಹಿಡಿದದ್ದರಿಂದ ಗುರುಸಿದ್ದವ್ವ ಡಾಬು ಹಾಕಿದ್ದಳು. ಮೇಲೆ ಸೆರಗು ಹೊದ್ದು ಮುಚ್ಚಿಕೊಂಡಿದ್ದಳು. ದೇವಪ್ಪನ ಅಂಗಳದಲ್ಲಿ ಹಸಿರು ಬಣ್ಣದ ಜೀಪು ಮಿರಮಿರ ಮಿಂಚುತ್ತಿತ್ತು. ಅಂದಪ್ಪ ಅದರ ಸುತ್ತ ಪ್ರದಕ್ಷಿಣೆ ಹಾಕತೊಡಗಿದ. ಮುಖದಲ್ಲಿ ಅಷ್ಟು ಆಸೆ ಇಟ್ಟುಕೊಂಡವನಿಗೆ ಯಾವ ದೇವರೂ ಬೆಲೆ ಇಳಿಸುವುದಿಲ್ಲ. ಗುರುಸಿದ್ದವ್ವ ಗಂಡನನ್ನು ಕಣ್ಣಲ್ಲೇ ಗದರಿಸಿ ದೂರ ನಿಲ್ಲಿಸಿದಳು.

ದೇವಪ್ಪನೂ ಎತ್ತು ಕಟ್ಟಿ ಬೆಳೆದ ಮನುಷ್ಯ. ಅಮಾತೆಪ್ಪ ವಲ್ಲಿ ಹಾಸಿದ ಕೂಡಲೇ ನಗುತ್ತ ಕೈ ಕೊಟ್ಟ. ಕಟ್ಟೆಯ ಮೇಲೆ ಇಬ್ಬರೂ ಎದುರುಬದುರು ಕೂತರು. ಗುರುಸಿದ್ದವ್ವ ಕಂಬಕ್ಕೆ ಒರಗಿ ಅವರ ಮೊಳಕೈ ನೋಡುತ್ತ ನಿಂತಳು.

ಅಣ್ಣನ ಮೊಳಕೈ ಮಿಸುಕಿತು, ದೇವಪ್ಪನ ತೋಳು ಬಿಗಿಯಿತು. ಮತ್ತೆ ಮಿಸುಕಿತು, ಮತ್ತೆ ಬಿಗಿಯಿತು. ಅಣ್ಣ ಬಿಡಲಿಲ್ಲ, ಅಪ್ಪನಂತೆಯೇ ಕಣ್ಣು ಅರೆಮುಚ್ಚಿ ಕೂತಿದ್ದ. ಆಮೇಲೆ ದೇವಪ್ಪನ ತೋಳು ಮೆಲ್ಲಗೆ ಸಡಿಲಾಗಿ ತೊಡೆಯ ಮೇಲೆ ಇಳಿಯಿತು. ಒಪ್ಪಿದ! ಅರವತ್ತಕ್ಕೋ, ಅದಕ್ಕೂ ಕೆಳಗೋ, ಅಂತೂ ಒಪ್ಪಿದ. ಗುರುಸಿದ್ದವ್ವನಿಗೆ ಅಲ್ಲೇ ಅಣ್ಣನಿಗೆ ದೃಷ್ಟಿ ತೆಗೆಯಬೇಕು ಅನ್ನಿಸಿತು.

ಈಗ ವಲ್ಲಿ ಸರಿಸಬೇಕಿತ್ತು. ಅಮಾತೆಪ್ಪ ಸರಿಸಲಿಲ್ಲ. ದೇವಪ್ಪನ ಕೈಯನ್ನು ವಲ್ಲಿಯ ಸಮೇತ ಎಳೆದುಕೊಂಡು ತನ್ನ ನಡುವಿಗೆ ಒತ್ತಿದ. ಒಮ್ಮೆ ಒತ್ತಿದ್ದು ತಿಳಿಯಲಿಲ್ಲವೆಂದು ಮತ್ತೊಮ್ಮೆ ಒತ್ತಿದ. ದೇವಪ್ಪನ ಹುಬ್ಬು ಮೇಲಕ್ಕೇರಿತು. ಅವನ ಕಣ್ಣು ಅಮಾತೆಪ್ಪನ ಹೆಗಲು ದಾಟಿ ನೇರ ಗುರುಸಿದ್ದವ್ವನ ನಡುವಿಗೆ ಬಂದು ಸೆರಗಿನ ಮೇಲೆ ನಿಂತಿತು. ಅವಳು ಸೆರಗನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

ಅಮಾತೆಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು, ಅರವತ್ತು ಸಾವಿರ, ಮೇಲೆ ತಂಗಿಯ ಡಾಬು ಎಂದು ಸಾರಿದ. ಇದಕ್ಕಿಂತ ಕೆಳಗೆ ದೇವರೇ ಬಂದರೂ ಆಗುತ್ತಿರಲಿಲ್ಲವಂತೆ. ಹಣೆಯ ಬೆವರನ್ನೂ ಒರೆಸಿಕೊಂಡ. ದೇವಪ್ಪ ಕಾಗದಪತ್ರ ತರಲು ಒಳಗೆ ಹೋದ.

ಗುರುಸಿದ್ದವ್ವ ಅಣ್ಣನನ್ನು ಜೀಪಿನ ಮರೆಗೆ ಕರೆದಳು. ಅವನ ಬಲಗೈ ಹಿಡಿದು, ಮೇಲೆ ತನ್ನ ಸೆರಗು ಹೊದಿಸಿ, ಐದೂ ಬೆರಳು ಬಿಡಿಸಿ ಅವನ ಅಂಗೈಯಲ್ಲಿ ಇಟ್ಟಳು. ಮಾರುವವನಿಂದ ನಿನಗೆ ಬರುವ ಪಾಲು ಎಷ್ಟು ಎಂದು ದಲ್ಲಾಳಿಯನ್ನು ಕೇಳುವ ರೀತಿ ಅದು. ಕಟ್ಟೆಯ ಮೇಲೆ ಅಪ್ಪ ಕಲಿಸಿದ್ದು. ಅಮಾತೆಪ್ಪ ಕೈ ಎಳೆದುಕೊಳ್ಳಲು ನೋಡಿದ, ಅವಳು ಬಿಡಲಿಲ್ಲ. ಅವನ ಅಂಗೈ ಒದ್ದೆಯಾಗಿತ್ತು. ಕಡೆಗೆ ಅವನ ಕೈ ಅವಳ ಮೂರು ಬೆರಳು ಹಿಡಿಯಿತು.

ಮೂರು ಸಾವಿರ. ಅವ್ವನ ಹೇಲು ಉಚ್ಚೆ ಬಳಿದ ತಂಗಿಯನ್ನು ಮೂರು ಸಾವಿರಕ್ಕೆ ಮಾರಿದ್ದ.

“ಅವ್ವ ಎಲ್ಲಾ ನಿನಗ ಕಟ್ಟಿ ಹೋದಳು,” ಅಂದ ಅಮಾತೆಪ್ಪ, ನೆಲ ನೋಡುತ್ತ. “ಮಗ ಅಂತ ನಾನೂ ಒಬ್ಬ ಇದ್ದೆ.”

ಹಾಗಾದರೆ ಇದು ಬರೀ ದುಡ್ಡಿನ ಮಾತಲ್ಲ. ಇಷ್ಟು ವರ್ಷ ಪಂಚಮಿಗೆ ಕರೆಯಲು ಬಂದಾಗ, ಅವಳ ಕೈಯಡಿಗೆ ಉಂಡಾಗ, ತಲೆಯ ಮೇಲೆ ಕೈಯಿಟ್ಟಾಗ ಎಲ್ಲ ಇವನ ಕಣ್ಣು ತನ್ನ ನಡುವಿನ ಡಾಬಿನ ಮೇಲೇ ಇತ್ತು. ಇಂದಿನದನ್ನಷ್ಟೇ ಅಲ್ಲ, ಹಿಂದಿನ ಒಳ್ಳೆಯ ದಿನಗಳನ್ನೂ ಅವನು ಕಸಿದುಕೊಂಡಂತಾಯಿತು. ಅದು ಅವಳಿಗೆ ಡಾಬಿಗಿಂತ ಹೆಚ್ಚು ಸುಟ್ಟಿತು.

ಅಷ್ಟರಲ್ಲಿ ಅಂದಪ್ಪ ಬಂದ. ಜೀಪಿಗಾಗಿ ಜೀವ ಬಿಡುತ್ತಿದ್ದವನು ಜೀಪಿನ ಕಡೆಗೇ ನೋಡದೆ ಹೆಂಡತಿಗೆ ಹೇಳಿದ: “ನಿಮ್ಮ ಅವ್ವನ ಡಾಬು ಮುಟ್ಟಿ ನನಗ ಗಾಡಿ ಬ್ಯಾಡ. ನೀ ಒಲ್ಲೆ ಅನ್ನು, ಈಗ ಮುರದು ಹೋಗೂಣು.”

ಒಲ್ಲೆ ಅಂದರೆ ಸಾಕಿತ್ತು. ಡಾಬು ಉಳಿಯುತ್ತಿತ್ತು. ದೇವಪ್ಪನ ಅಂಗಳದಲ್ಲಿ ವಲ್ಲಿ ಸರಿದ ಮೇಲೆ ಮಾತು ಮುರಿದ ಸುದ್ದಿ ಸಂಜೆಯೊಳಗೆ ಅಮೀನಗಡದ ದನದ ಸಂತೆಯವರಿಗೆಲ್ಲ ಮುಟ್ಟುತ್ತಿತ್ತು. ಅಮಾತೆಪ್ಪನ ಕಸುಬು ಅಲ್ಲಿಗೆ ಮಣ್ಣು. ಅವನ ಹೆಂಡತಿ ಮಕ್ಕಳ ಅನ್ನವೂ ಮಣ್ಣು. ಅಮಾತೆಪ್ಪನಿಗೂ ಇದು ಗೊತ್ತಿತ್ತು. ಅವನು ಮೊದಲ ಸಲ ತಲೆ ಎತ್ತಿ ತಂಗಿಯ ಮುಖ ನೋಡಿದ. ತಂಗಿ ತನ್ನನ್ನು ಉಳಿಸುತ್ತಾಳೆ ಎಂಬ ನಂಬಿಕೆ ಆ ನೋಟದಲ್ಲಿ ಇನ್ನೂ ಇತ್ತು. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

ಅವಳು ಸೆರಗಿನೊಳಗೆ ಕೈ ಹಾಕಿ ಕೊಂಡಿ ಬಿಚ್ಚಿದಳು. ಡಾಬು ಇನ್ನೂ ಮೈಯ ಬಿಸಿಯಲ್ಲಿತ್ತು. ದೇವಪ್ಪ ಹೊರಗೆ ಬಂದ ಕೂಡಲೇ ಅವನ ಕೈಗೆ ಹಾಕಿ ಕುಂಕುಮದ ತಟ್ಟೆ ಕೇಳಿದಳು. ಜೀಪಿನ ಮೂತಿಗೆ ತಾನೇ ಕುಂಕುಮ ಹಚ್ಚಿದಳು. ಅಂದಪ್ಪ ಮಾತ್ರ ಮಂಕು ಬಡಿದವನಂತೆ ನೋಡುತ್ತ ನಿಂತಿದ್ದ.

ದೇವಪ್ಪನ ಡ್ರೈವರ್ ಯಮನಪ್ಪ ಗಾಡಿ ಹೊರಡಿಸಿದ. ಅಮಾತೆಪ್ಪ ಹಿಂದಿನ ಸೀಟಿನಲ್ಲಿ ತಂಗಿಯ ಎದುರಿಗೆ ಕೂತು, ಸುಮ್ಮನಿರಲಾರದೆ ಎಂಜಿನ್ನಿನ ಸದ್ದು ಹೇಗೆ ಜೇನಿನಂತಿದೆ ನೋಡಿ ಎಂದು ಹೊಗಳುತ್ತಿದ್ದ. ಬಸ್ ಸ್ಟ್ಯಾಂಡ್ ಬಂದಾಗ ಗುರುಸಿದ್ದವ್ವ ಗಾಡಿ ನಿಲ್ಲಿಸಲು ಹೇಳಿದಳು. ಬಾದಾಮಿಯ ಬಸ್ಸು ನಿಂತಿದೆ, ಇಳಿ ಎಂದಳು. ಅಮಾತೆಪ್ಪ ಇಳಿದ. ಇಳಿಯುವಾಗ ಆಸರೆಗೆಂದು ತಂಗಿಯತ್ತ ಕೈ ಚಾಚಿದ.

“ನಾಳಿ ಸಂತ್ಯಾಗ ನಿನ್ನ ಕೈ ಹಿಡಿಯೋರು ಇರ್ತಾರ,” ಅಂದಳು. “ಅಷ್ಟು ಉಳಿಸಿ ಕೊಟ್ಟೇನಿ. ನಾ ಮಾತ್ರ ಇನ್ನ ಹಿಡಿಯಾಂಗಿಲ್ಲ.”

ಅವನು ಬಾಗಿಲ ಕಂಬಿ ಹಿಡಿದು ಕೆಳಗೆ ನಿಂತ. ಪಂಚಮಿಗೆ ಬರುತ್ತೇನೆ ಎಂದೇನೋ ಹೇಳಲು ಹೊರಟ, ಗಾಡಿ ಮುಂದೆ ಹೋಯಿತು. ಊರು ದಾಟಿದ ಮೇಲೆ ಅಂದಪ್ಪ ಹಿಂದಕ್ಕೆ ತಿರುಗಿ, ನಿಮ್ಮ ಅಣ್ಣನನ್ನು ಊಟಕ್ಕೂ ಕರೆಯಲಿಲ್ಲವಲ್ಲ ಎಂದು ಕೇಳಿದ. ಅವಳು ಇಲ್ಲ ಅಂದಳು, ಬರಿದಾದ ನಡುವಿನ ಮೇಲೆ ಸೆರಗು ಸರಿಮಾಡಿಕೊಂಡಳು.